ವೀರಿಯ ತಲೆಗೆ ಮೇನೀಸ್

ಆಷಾಢದ ಒಂದು ರವಿವಾರ ಮಧ್ಯಾಹ್ನ ಗುರುಲಿಂಗಮ್ಮ ಪಡಸಾಲೆಯಲ್ಲಿ ಹಳೆಯ ಬಿಳಿ ಧೋತರ ಹಾಸಿ, ಮೊಮ್ಮಗಳನ್ನು ಅದರ ಮೇಲೆ ಕೂರಿಸಿಕೊಂಡು, ಹೇನಿನ ಹಣಿಗೆ ಹಿಡಿದು ತಲೆ ಬಾಚತೊಡಗಿದಳು. ಹಣಿಗೆ ಎಳೆದಾಗೊಮ್ಮೆ ಧೋತರದ ಮೇಲೆ ಎಳ್ಳು ಚೆಲ್ಲಿದ ಹಾಗೆ ಹೇನು ಬೀಳುತ್ತಿದ್ದವು. ಮೊಮ್ಮಗಳ ಹೆಸರು ವೀರಭದ್ರಮ್ಮ, ಮನೆಯಲ್ಲಿ ವೀರಿ. ಏಳನೆಯ ತರಗತಿಯ ಹುಡುಗಿ, ಮೊಣಕಾಲು ಮುಟ್ಟುವ ಜಡೆ. ಸಾಲೆಯಲ್ಲಿ ಟೀಚರು ಅವಳನ್ನು ಹಿಂದಿನ ಬೆಂಚಿಗೆ ಒಬ್ಬಳನ್ನೇ ಕೂರಿಸಿ ಆಗಲೇ ಒಂದು ವಾರವಾಗಿತ್ತು.

"ಈಕಿ ತಲ್ಯಾಗ ಸಂತಿ ಕೂಡೇತಿ ನೋಡ್ರಿ," ಎಂದಳು ಗುರುಲಿಂಗಮ್ಮ.

"ಆಯಿ, ಮೆಲ್ಲಕ ಬೇ. ಕೂದ್ಲ ಕಿತ್ತು ಬರಾಕತ್ತಾವ."

"ಬರಲಿ ಬಿಡು. ಹೆಂಗೂ ಶ್ರಾವಣದಾಗ ಮಸ್ಕಿ ಮಲ್ಲಯ್ಯಗ ಕೊಡೂದೈತಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆ ಸಂಗಮ್ಮನ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಏನು ಕೊಡೂದೈತ್ರಿ ಅತ್ತಿ?"

"ಮುಡಿ. ಹರಕಿ ಹೊತ್ತಿಲ್ಲೇನು ನಾನು?"

ಹರಕೆಯ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಸಂಗಮ್ಮನ ಗಂಡ ಅಮರಗುಂಡಪ್ಪ ಗೊರೇಬಾಳದಿಂದ ಲೂನಾ ಮೇಲೆ ಬರುವಾಗ ಕಾಲುವೆಯ ಸೇತುವೆ ಹತ್ತಿರ ಬಿದ್ದು ಕಾಲು ಮುರಿದುಕೊಂಡಿದ್ದ. ಸಿಂಧನೂರಿನ ಅವನ ಕಿರಾಣಿ ಅಂಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಗುರುಲಿಂಗಮ್ಮ, ನನ್ನ ಮಗ ಎದ್ದು ಓಡಾಡಿದರೆ ನಮ್ಮ ಮನೆಯಿಂದ ಮುಡಿ ಕೊಡುತ್ತೇನೆ ಎಂದು ಮಸ್ಕಿ ಗುಡ್ಡದ ಮಲ್ಲಯ್ಯ ದೇವರಿಗೆ ಹೇಳಿಕೊಂಡಿದ್ದಳು. ಯಾರ ಮುಡಿ ಎಂದು ಅವಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಈಗ ಧೋತರದ ಮೇಲೆ ಹರಿದಾಡುವ ಹೇನು ನೋಡುತ್ತ, ಒಂದೇ ಕತ್ತಿಯಲ್ಲಿ ಎರಡು ಕೆಲಸವಾಗುವುದು ಅವಳಿಗೆ ಹೊಳೆದಿತ್ತು.

"ನಾ ಕೊಡಂಗಿಲ್ಲ," ಎಂದಳು ವೀರಿ.

"ನಿನ್ನ ಯಾರು ಕೇಳ್ಯಾರ?"

ಕಟ್ಟೆಯ ಮೇಲೆ ಕೂತಿದ್ದ ಗುರುಲಿಂಗಮ್ಮನ ಗಂಡ, ಮುದುಕ ಕರಿಬಸಪ್ಪ, ತನ್ನ ಬೋಳು ನೆತ್ತಿ ಸವರಿಕೊಂಡ. "ನನ್ನ ಕಡೆ ನೋಡಬ್ಯಾಡ್ರಪ್ಪ. ಮಲ್ಲಯ್ಯ ನನ್ನ ಕಡಿಂದ ಯಾವಾಗೋ ವಸೂಲಿ ಮಾಡ್ಯಾನ."

ಸಂಗಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ನಿನ್ನ ಯಾರು ಕೇಳ್ಯಾರ ಎಂಬ ಮಾತನ್ನು ಅವಳು ಮೊದಲೂ ಕೇಳಿದ್ದಳು. ಲಿಂಗಸುಗೂರಿನ ತವರಿನಲ್ಲಿ, ವೀರಿಗಿಂತ ಸಣ್ಣವಳಿದ್ದಾಗ, ಅಣ್ಣನಿಗೆ ಟೈಫಾಯ್ಡ್ ವಾಸಿಯಾಯಿತೆಂದು ಅವಳ ಕೂದಲು ಹೋಗಿತ್ತು. ತಲೆಗೆ ವಸ್ತ್ರ ಕಟ್ಟಿಕೊಂಡು ಸಾಲೆಗೆ ಹೋದರೆ ಹುಡುಗರು ಹಿಂದಿನಿಂದ ವಸ್ತ್ರ ಎಳೆದು ಓಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಹೇಳುವಂಥದೇನಿದೆ ಅದರಲ್ಲಿ ಎಂದುಕೊಂಡಿದ್ದಳು.

ಸಂಜೆ ಊಟಕ್ಕೆ ಕೂತಾಗ ಅಮರಗುಂಡಪ್ಪನ ಮುಂದೆ ಅವಳೇ ಮಾತೆತ್ತಿದಳು.

"ಹರಕಿ ಅದು," ಅಂದ ಅವನು. "ಬಿಡಾಕ ಬರ್ತೈತೇನು? ಕೂದ್ಲ ಮತ್ತ ಬೆಳೀತಾವ."

"ಮುರದದ್ದು ನಿಮ್ಮ ಕಾಲು. ಈಕಿ ತಲಿ ಯಾಕ?"

"ಮತ್ತ ನನ್ನ ತಲೀನ? ನಾ ಬೋಳಿಸಿಕೊಂಡು ಅಂಗಡ್ಯಾಗ ಕುಂತ್ರ, ಅಪ್ಪ ಸತ್ತಾನಂತ ಮಂದಿ ಮಾತಾಡ್ಸಾಕ ಬರ್ತಾರ."

"ಬರಲಿ ಬಿಡಲೇ," ಮಂಚದ ಮೇಲಿಂದ ಕರಿಬಸಪ್ಪ ಕೂಗಿದ. "ನಾನೇ ಚಾ ಕುಡಿಸಿ ಕಳಸ್ತೀನಿ."

ಗುರುಲಿಂಗಮ್ಮ ಸಾರಿನ ಸೌಟು ಕೆಳಗಿಟ್ಟಳು. "ಆ ತಲ್ಯಾಗಿನ ಹೇನು ಹೋಗೂದು ಬ್ಯಾಡೇನು ಸಂಗಮ್ಮ? ನಾನೇನು ವೈರಿ ಅದೀನೇನು ನನ್ನ ಮೊಮ್ಮಗಳಿಗೆ?"

"ಹೇನು ನಾ ತಗೀತೀನ್ರಿ."

"ತಗದ ಮ್ಯಾಲೆ ಮಾತಾಡು."

ಸಂಗಮ್ಮ ಬೇವಿನೆಲೆ ಅರೆದು ಹಚ್ಚಿದಳು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಲಸಿ ಹಚ್ಚಿದಳು. ಸೀತಾಫಲದ ಬೀಜ ಕುಟ್ಟಿ ಹಚ್ಚಿದಾಗ ವೀರಿಯ ಕಣ್ಣು ಕೆಂಪಾಗಿ ಊದಿಕೊಂಡವು, ಹೇನು ಮಾತ್ರ ಹಾಗೇ ಉಳಿದವು. ಅಷ್ಟರಲ್ಲಿ ಶ್ರಾವಣ ಬಂತು. ಪಂಚಮಿಗೆ ಮಗಳನ್ನು ಕರೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು.

ತವರುಮನೆಯ ಗೋಡೆಗೆ ಹೊಂದಿ ರಾಜಾಬೀಯ ಮನೆ. ಸಂಗಮ್ಮನ ಓರಗೆಯವಳು. ಅವಳ ಗಂಡ ಅಲ್ಲಾಭಕ್ಷ್ ಪ್ರವಾಸಿ ಬಂಗಲೆಯಲ್ಲಿ ಅಡುಗೆಯವ. ಕಾಲುವೆ ನೋಡಲು, ಗಣಿ ನೋಡಲು ಬರುವ ದೊಡ್ಡ ಅಧಿಕಾರಿಗಳಿಗೆ ಅಡುಗೆ ಮಾಡಿ ಬಡಿಸುವುದು ಅವನ ತಂದೆಯ ಕಾಲದಿಂದ ಬಂದ ಕೆಲಸ. ಸಂಗಮ್ಮ ಹೋದ ಹೊತ್ತಿಗೆ ಅವನು ಅಂಗಳದಲ್ಲಿ ಪಿಂಗಾಣಿ ಬೋಗುಣಿ ಇಟ್ಟುಕೊಂಡು ಏನನ್ನೋ ಕಡೆಯುತ್ತಿದ್ದ. ರಾಜಾಬೀ ಪಕ್ಕದಲ್ಲಿ ಎಣ್ಣೆಯ ಗಿಂಡಿ ಹಿಡಿದು ಒಂದೊಂದೇ ಹನಿ ಬಿಡುತ್ತಿದ್ದಳು.

"ಇದೇನು ಬೆಣ್ಣಿ ತಗ್ಯಾಕತ್ತೀರಾ?" ಎಂದಳು ಸಂಗಮ್ಮ.

"ಮೇನೀಸ್," ಅಂದಳು ರಾಜಾಬೀ. "ತತ್ತಿಯೊಳಗಿನ ಹಳದಿ, ಉಪ್ಪು, ಸಾಸಿವಿ ಪುಡಿ, ನಿಂಬಿರಸ. ಆಮ್ಯಾಲೆ ಎಣ್ಣಿ, ಹನಿ ಹನಿ. ಒಲಿ ಇಲ್ಲ, ಬೆಂಕಿ ಇಲ್ಲ, ಆದ್ರೂ ಗಟ್ಟಿ ಆಗ್ತೈತಿ ನೋಡು. ಸಾಹೇಬ್ರು ಆಲೂಗಡ್ಡಿಗೆ, ಮೀನಿಗೆ, ಡಬಲ್ ರೊಟ್ಟಿಗೆ ಸವರ್ಕೊಂಡು ತಿಂತಾರ."

"ಅವಸರ ಮಾಡಿ ಎಣ್ಣಿ ಸುರದ್ರ ಒಡೀತೈತ್ರಿ ಸಂಗಮ್ಮ," ಕೈ ನಿಲ್ಲಿಸದೆ ಅಲ್ಲಾಭಕ್ಷ್ ಹೇಳಿದ. "ಒಡದ್ರ ಚೆಲ್ಲಬಾರದು. ಬ್ಯಾರೆ ಬೋಗುಣ್ಯಾಗ ಹೊಸಾ ಹಳದಿ ಹಾಕಿ, ಒಡದದ್ದನ್ನ ಅದಕ್ಕ ಚೂರುಚೂರೇ ಸೇರಿಸಿದ್ರ ಮತ್ತ ಕೂಡ್ಕೊಂತೈತಿ. ಒಂದು ಹಳದಿ ಎಷ್ಟು ಎಣ್ಣಿ ಹಿಡೀತೈತಿ ಅಂದ್ರ ನೀವು ನಂಬಂಗಿಲ್ಲ. ಆದ್ರ ಈ ಬಿಸಲಾಗ ಇಡಾಕ ಬರಂಗಿಲ್ಲ. ಅವತ್ತಿಂದು ಅವತ್ತೇ ಖರ್ಚಾಗಬೇಕು."

"ಉಳದ್ರ?"

"ಉಳದ್ರ ನನಗ," ರಾಜಾಬೀ ನಕ್ಕಳು. "ಬಂಗಲಿ ಮೇಜಿನ ಮ್ಯಾಲೆ ಬಿಸಿ ಚಾದ ಬಟ್ಟಲಾ ಇಟ್ಟು ಬೆಳ್ಳಗ ಬಳಿಯಂಥಾ ಕಲಿ ಮೂಡ್ತಾವಲ್ಲ, ಇದನ್ನ ಸವರಿ ಬಿಟ್ಟು ಒರಸಿದ್ರ ಹೋಗ್ತಾವ. ಕಾಲಿಗೆ ಹತ್ತಿದ ಡಾಂಬರ್ ಹೋಗ್ತೈತಿ. ಮತ್ತ ನಮ್ಮ ಹುಡುಗಿ ತಲ್ಯಾಗಿನ ಹೇನು ಹೋದದ್ದೂ ಇದರಿಂದಾನೇ."

ಸಂಗಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. "ಹೆಂಗ?"

"ಬುಡದಿಂದ ತುದೀತನಕ ದಪ್ಪಗ ಬಳಿ. ವಸ್ತ್ರ ಬಿಗಿಯಾಗಿ ಕಟ್ಟು. ಎರಡು ತಾಸು ಬಿಟ್ರ ಹೇನಿಗೆ ಉಸರಾಡಾಕ ಆಗಂಗಿಲ್ಲ, ಹರದಾಡಾಕೂ ಆಗಂಗಿಲ್ಲ. ಆವಾಗ ಹಣಿಗಿಲೆ ಎಳದು ತಗಿ. ಸೀರು ಮಾತ್ರ ಇದಕ್ಕ ಸಾಯಂಗಿಲ್ಲ. ಅವು ಒಡದು ಸಣ್ಣ ಮರಿ ಆಗ್ತಾವ, ಎಂಟು ದಿನ ಬಿಟ್ಟು ಮತ್ತ ಹಚ್ಚಬೇಕು. ತೊಳಿಯಾಕ ತಣ್ಣೀರೇ ಹಾಕು. ನಾ ಮೊದಲ ಸಲ ಬಿಸಿನೀರು ಸುರುವಿ, ಹುಡುಗಿ ತಲ್ಯಾಗ ಆಮ್ಲೆಟ್ ಆಗಿತ್ತು."

ವೀರಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಂಗಮ್ಮನಿಗೆ ನಗು ಬರಲಿಲ್ಲ. ಸಿಂಧನೂರಿನ ಅವಳ ಮನೆಯ ಹೊಸ್ತಿಲನ್ನು ತತ್ತಿ ಎಂದೂ ದಾಟಿರಲಿಲ್ಲ. ಶ್ರಾವಣದಲ್ಲಂತೂ ಗುರುಲಿಂಗಮ್ಮ ಉಳ್ಳಾಗಡ್ಡಿಯನ್ನೂ ಬಿಡುತ್ತಿದ್ದಳು.

ಸಿಂಧನೂರಿಗೆ ಮರಳಿದ ಮೇಲೆ ಬಂದ ಶನಿವಾರ ಸಂಗಮ್ಮ ಬಜಾರಕ್ಕೆ ಹೋಗಿ, ಬುಟ್ಟಿಯಲ್ಲಿ ತತ್ತಿ ಇಟ್ಟುಕೊಂಡು ಕೂತಿದ್ದ ಸುಭಾನಬಿಯ ಮುಂದೆ ನಿಂತಳು. ಸುಭಾನಬಿ ಅವಳ ಹಣೆಯ ವಿಭೂತಿಯನ್ನು ನೋಡಿದಳು, ಕೊರಳಿನ ಲಿಂಗದ ಕರಡಿಗೆಯನ್ನು ನೋಡಿದಳು.

"ಯಾರಿಗವ್ವ? ಆಳಿನ ಮಂದಿಗೇನು?"

"ನಮ್ಮ ಮನಿಗೇ."

ಸುಭಾನಬಿ ತತ್ತಿಗಳನ್ನು ಕಾಗದದಲ್ಲಿ ಸುತ್ತಿ, ಯಾರಿಗೂ ಕಾಣದಂತೆ ಚೀಲದ ತಳಕ್ಕೆ ಇಡಲು ಹೋದಳು. "ಮ್ಯಾಲೇ ಇಡವ್ವ," ಎಂದಳು ಸಂಗಮ್ಮ. "ಒಡದಾವು."

ಮರುದಿನ ಮುಂಜಾನೆ ಅಂಗಳದ ತುಳಸಿಕಟ್ಟೆಯಿಂದ ದೂರ, ನುಗ್ಗೆಗಿಡದ ನೆರಳಲ್ಲಿ ಅವಳು ಬೋಗುಣಿ ಇಟ್ಟುಕೊಂಡು ಕೂತಳು. ವೀರಿ ಶೇಂಗಾ ಎಣ್ಣೆ ಹನಿಸಿದಳು. ಮೊದಲ ಬಾರಿ ಹುಡುಗಿಯ ಕೈ ಜಾರಿ ಎಣ್ಣೆ ಹೆಚ್ಚು ಬಿದ್ದು, ಬೋಗುಣಿಯಲ್ಲಿದ್ದದ್ದು ಒಡೆದ ಹಾಲಿನಂತಾಯಿತು. ಸಂಗಮ್ಮ ಬೈಯದೆ ಇನ್ನೊಂದು ತತ್ತಿಯ ಹಳದಿ ತೆಗೆದು, ಒಡೆದದ್ದನ್ನು ಅದಕ್ಕೆ ಚೂರುಚೂರೇ ಸೇರಿಸುತ್ತ ಮತ್ತೆ ಕಡೆಯತೊಡಗಿದಳು. ಕೈ ಸೋಲುವ ಹೊತ್ತಿಗೆ ಅದು ದಪ್ಪಗಾಗಿ, ತಿಳಿಹಳದಿಯಾಗಿ, ಕಡೆಗೋಲಿಗೆ ಅಂಟಿಕೊಂಡು ನಿಂತಿತು.

ಕರಿಬಸಪ್ಪ ಕೋಲೂರಿಕೊಂಡು ಬಂದು ಬಗ್ಗಿ ನೋಡಿದ. "ಯಾವಾಗ ಮಜ್ಜಿಗಿ ಕಡದಿ ಬೇ? ಬೆಣ್ಣಿ ಚಲೋ ಬಂದೈತಿ. ಒಂದೀಟು ರೊಟ್ಟಿಗೆ ಸವರಿ ಕೊಡು."

ಔಷಧ ಎಂದು ಹೇಳಿದ್ದರೆ ಮುದುಕ ಸುಮ್ಮನೆ ಹೋಗುತ್ತಿದ್ದ. ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬೆಣ್ಣಿ ಅಲ್ರಿ ಮಾವ, ತತ್ತಿ. ತತ್ತಿ, ಎಣ್ಣಿ, ನಿಂಬಿಹಣ್ಣು. ವೀರಿ ತಲಿಗೆ."

ಪೂಜೆ ಮುಗಿಸಿ ಹೊರಬಂದ ಗುರುಲಿಂಗಮ್ಮನ ಕಿವಿಗೆ ಈ ಮಾತು ಬಿತ್ತು.

"ಏನಂದಿ?"

"ತತ್ತಿ ಅಂದೆ."

"ಶ್ರಾವಣದಾಗ! ಲಿಂಗ ಕಟ್ಟಿದ ಮನ್ಯಾಗ!"

"ಅಡಗಿಮನ್ಯಾಗ ತಂದಿಲ್ರಿ. ಅಂಗಳದಾಗ ಅದೀನಿ, ಬೋಗುಣಿ ಬ್ಯಾರೆ ಐತಿ."

"ಕೈ ಅದೇ ಅಲ್ಲೇನು? ಆ ಕೈಲೇ ನಾಳಿ ನೈವೇದ್ಯ ಮಾಡಾಕಿ ಅಲ್ಲೇನು ನೀನು?"

"ಕೈ ತೊಳಕೊಂಡ್ರ ಆತ್ರಿ. ಬೋಳಿಸಿದ ತಲಿ ತೊಳಕೊಂಡ್ರ ಕೂದ್ಲ ಬರಂಗಿಲ್ಲ."

"ಇವತ್ತಿಂದ ನೀ ಮಾಡಿದ್ದು ನಾ ಉಣ್ಣಂಗಿಲ್ಲ."

"ಉಣಬ್ಯಾಡ್ರಿ. ಹಿಟ್ಟಿನ ಡಬ್ಬಿ ಎಲ್ಲೈತಿ ನಿಮಗ ಗೊತ್ತೈತಿ."

ಸಂಗಮ್ಮ ವೀರಿಯನ್ನು ಮುಂದೆ ಕೂರಿಸಿಕೊಂಡು, ಬೋಗುಣಿಯಲ್ಲಿದ್ದದ್ದನ್ನು ಬೊಗಸೆ ಬೊಗಸೆಯಾಗಿ ತೆಗೆದು ತಲೆಗೆ ಬಳಿಯತೊಡಗಿದಳು.

ಅವತ್ತೇ ಪಡಸಾಲೆಯಲ್ಲಿ ಸೀಮೆಎಣ್ಣೆಯ ಸ್ಟೋವ್ ಹತ್ತಿತು. ಒಂದು ಮನೆಯಲ್ಲಿ ಎರಡು ಅಡುಗೆ. ಗುರುಲಿಂಗಮ್ಮ ನೋಯುವ ರಟ್ಟೆಯಲ್ಲೇ ರೊಟ್ಟಿ ಬಡಿದಳು. ಅಮರಗುಂಡಪ್ಪ ಹೆಂಡತಿಯ ಒಲೆಯ ಮುಂದೆ ಅರ್ಧ ಉಂಡು, ತಾಯಿಯ ಮುಂದೆ ಹೋಗಿ ಉಳಿದರ್ಧ ಉಣ್ಣುತ್ತಿದ್ದ. ಕರಿಬಸಪ್ಪನಿಗೆ ಮಾತ್ರ ಸುಗ್ಗಿ.

"ಅಲ್ಲಿ ಬದನಿಕಾಯಿ, ಇಲ್ಲಿ ಝುಣಕ. ಮೊದಲೇ ಜಗಳಾಡಬೇಕಿತ್ತು ನೀವು," ಎನ್ನುತ್ತಿದ್ದ.

ಮೂರನೆಯ ದಿನ ಅಮರಗುಂಡಪ್ಪ ಅಂಗಡಿಯಿಂದ ಬಂದವನೇ ಹಿಗ್ಗಿ ಹೇಳಿದ. "ಯಾರು ಗಲ್ಲಾಪೆಟ್ಟಿಗಿ ಒರಸಿದ್ರು? ಚಾದ ಬಟ್ಟಲದ ಕಲಿ ಒಂದೂ ಉಳದಿಲ್ಲ. ಅಪ್ಪ ಕೊಂಡು ತಂದಾಗ ಹೆಂಗಿತ್ತೋ ಹಂಗ ಹೊಳ್ಯಾಕತ್ತೈತಿ."

"ನಾನು," ಅಂದಳು ವೀರಿ. "ರವಿವಾರ ಬೋಗುಣ್ಯಾಗ ಉಳದಿತ್ತಲ್ಲ ಮೇನೀಸ್, ಅದನ್ನ ಒಯ್ದು ತಿಕ್ಕಿದೆ."

ಪಡಸಾಲೆಯಿಂದ ಗುರುಲಿಂಗಮ್ಮ ಚೀರಿದಳು. "ಲಕ್ಷ್ಮಿ ಕುಂದ್ರೋ ಗಲ್ಲಾಕ್ಕ ತತ್ತಿ! ಅಮರಾ, ಅದರ ಮುಂದ ಊದಿನಕಡ್ಡಿ ಹಚ್ಚೀಯೇನು ನೀನು?"

"ದಿನಾ ಹಚ್ಚೀನಿ," ಎಂದ ಅಮರಗುಂಡಪ್ಪನ ದನಿ ಇಳಿದುಹೋಯಿತು. ಆ ಕ್ಷಣವೇ ಕುಂಟುತ್ತಲೇ ಅಂಗಡಿಗೆ ಹೋಗಿ ಗೋಮೂತ್ರ ಚಿಮುಕಿಸಿ, ನೀರಲ್ಲಿ ಒರೆಸಿ, ವಿಭೂತಿ ಎಳೆದು ಬಂದ. ಹೊಳಪು ಮಾತ್ರ ಹೋಗಲಿಲ್ಲ ಎಂದು ಊಟದ ಹೊತ್ತಿನಲ್ಲಿ ಹೆಂಡತಿಗೆ ಮೆಲ್ಲಗೆ ಹೇಳಿದ.

ಎಂಟು ದಿನಕ್ಕೆ ಸಂಗಮ್ಮ ಮತ್ತೆ ಮಗಳ ತಲೆ ಬಾಚಿ ನೋಡಿದಳು. ಧೋತರದ ಮೇಲೆ ಹೇನು ಬಿದ್ದವು. ರಾಜಾಬೀ ಹೇಳಿದಂಥ ಸಣ್ಣ ಮರಿಗಳಲ್ಲ, ಬಲಿತ ಹೇನು. ಮನೆಯಲ್ಲಿ ಇಷ್ಟು ರಂಪವಾಗಿ ಕೊನೆಗೆ ಕತ್ತಿಯೇ ಗೆಲ್ಲುವುದೇ? ಅಷ್ಟರಲ್ಲಿ ಪಡಸಾಲೆಯಲ್ಲಿ ಸ್ಟೋವಿನ ಮುಂದೆ ಕೂತಿದ್ದ ಗುರುಲಿಂಗಮ್ಮ ರೊಟ್ಟಿ ತಿರುವುವ ಕೈ ಬಿಟ್ಟು, ಕಿವಿಯ ಹಿಂದೆ ಪರಪರ ಕೆರೆದುಕೊಂಡಳು. ಮತ್ತೆ ಕೆರೆದುಕೊಂಡಳು.

ಸಂಗಮ್ಮ ಎದ್ದು ಹೋಗಿ ಅವಳ ಎದುರು ನಿಂತಳು. "ಅತ್ತಿ, ನಿಮ್ಮ ತಲಿ ತೋರಿಸ್ರಿ."

"ಯಾಕ?"

"ವೀರಿ ದಿನಾ ನಿಮ್ಮ ಮಗ್ಗಲಾಗ, ನಿಮ್ಮ ಕೌದ್ಯಾಗ ಮಲಗ್ತಾಳ. ಈಕಿ ತಲ್ಯಾಗಿಂದು ನಾ ತಗದ್ರ, ನಿಮ್ಮ ತಲ್ಯಾಗಿಂದು ಬಂದು ಸೇರ್ತಾವ."

"ಏನಂತ ತಿಳದಿ ನನ್ನ? ಅರವತ್ತು ದಾಟಿದ ತಲಿ ಇದು!"

"ಹೇನು ವಯಸ್ಸು ಕೇಳಂಗಿಲ್ರಿ."

"ನನ್ನ ತಲ್ಯಾಗ ಹೇನು ಅಂತಾಳ! ಕೇಳಿದ್ರೇನ್ರಿ?" ಎಂದು ಗುರುಲಿಂಗಮ್ಮ ಗಂಡನ ಕಡೆ ತಿರುಗಿದಳು.

"ನಾ ಹೆಂಗ ಹೇಳಲಿ?" ಎಂದ ಕರಿಬಸಪ್ಪ. "ನನ್ನ ತಲ್ಯಾಗ ಅವಕ್ಕ ಜಾಗಾ ಇಲ್ಲ."

"ನಿಮಗೂ ಹಚ್ಚತೀನ್ರಿ ಅತ್ತಿ. ಎರಡು ತಾಸಿನ ಕೆಲಸ."

"ನನ್ನ ತಲಿಗೆ ತತ್ತಿ ಮುಟ್ಟಿಸಿ ನೋಡು, ಕಾಲುವಿಗೆ ಹಾರತೀನಿ!"

ಅಂದಿನಿಂದ ವೀರಿಯ ಹಾಸಿಗೆ ಅಡುಗೆಮನೆಗೆ, ತಾಯಿಯ ಮಗ್ಗುಲಿಗೆ ಬಂತು. ಸಂಗಮ್ಮ ಕೌದಿ, ತಲೆದಿಂಬಿನ ಹೊದಿಕೆ ಎಲ್ಲ ಕುದಿಸಿ ಒಗೆದಳು. ಮತ್ತೆ ಬಜಾರಕ್ಕೆ ಹೋಗಿ ತತ್ತಿ ತಂದಳು. ಮತ್ತೆ ನುಗ್ಗೆಗಿಡದ ಕೆಳಗೆ ಕೂತಳು. ಅತ್ತೆ ನೋಡಲಿ ಎಂದೇ ಅವಳ ಕಡೆ ಮುಖ ಮಾಡಿ ಕೂತಳು. ಗುರುಲಿಂಗಮ್ಮ ರಾತ್ರಿ ಒಬ್ಬಳೇ ಮಲಗಲು ಬೇಸರವಾಗಿ ಹೊರಳಾಡುತ್ತಿದ್ದಳು, ಮೊಮ್ಮಗಳನ್ನು ಕರೆಯಲಿಲ್ಲ.

ಶ್ರಾವಣದ ಕೊನೆಯ ವಾರಕ್ಕೆ ವೀರಿಯ ತಲೆ ಸ್ವಚ್ಛವಾಯಿತು. ಸಂಗಮ್ಮ ಧೋತರವನ್ನು ಒಯ್ದು ಅತ್ತೆಯ ಮುಂದೆ ಹಾಸಿ, ಅಲ್ಲೇ ಮಗಳ ತಲೆ ಬಾಚಿ ತೋರಿಸಿದಳು. ಒಂದು ಎಳ್ಳಿನಷ್ಟೂ ಬೀಳಲಿಲ್ಲ.

ಗುರುಲಿಂಗಮ್ಮ ಧೋತರ ಎತ್ತಿ ಕೊಡವಿ ನೋಡಿದಳು. "ಹೇನು ಹೋದ್ರ ಹರಕಿ ಹೋಗ್ತೈತೇನು? ಸೋಮವಾರ ಮಸ್ಕಿಗೆ ಹೋಗೂದೇ."

"ಬರ್ತೀವ್ರಿ. ಹಣ್ಣು ಕಾಯಿ ಮಾಡಸ್ತೀವಿ. ಈಕಿ ಕೂದ್ಲಿಗೆ ಕೈ ಹಚ್ಚಾಕ ಬಿಡಂಗಿಲ್ಲ."

ಸೋಮವಾರ ಮುಂಜಾನೆಯ ಬಸ್ಸಿಗೆ ಕರಿಬಸಪ್ಪನನ್ನು ಬಿಟ್ಟು ಎಲ್ಲರೂ ಹೊರಟರು. ಮಸ್ಕಿಯ ಗುಡ್ಡದ ಬುಡದಲ್ಲಿ ಜನವೋ ಜನ. ಬೇವಿನ ಮರದ ಕೆಳಗೆ ಕ್ಷೌರದವನು ಕಲ್ಲಿನ ಮೇಲೆ ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸುತ್ತಿದ್ದ. ಅಮರಗುಂಡಪ್ಪ ಇನ್ನೂ ಸ್ವಲ್ಪ ಕುಂಟುತ್ತಲೇ ನಡೆದ. ಗುರುಲಿಂಗಮ್ಮ ಮೊಮ್ಮಗಳ ಕೈ ಬಿಗಿಯಾಗಿ ಹಿಡಿದು ಕಲ್ಲಿನ ತನಕ ಎಳೆದು ತಂದಳು.

"ಕುಂದ್ರು."

"ಕುಂದ್ರಂಗಿಲ್ಲ," ಅಂದಳು ವೀರಿ.

"ದೇವರ ಮುಂದ ಹಟ ಮಾಡ್ತಿ?"

"ದೇವರಿಗೆ ನಾ ಏನೂ ಹೇಳಿಲ್ಲ ಆಯಿ. ಹೇಳಿದಾಕಿ ನೀನು."

ಕ್ಷೌರದವನು ಚೊಂಬಿನಿಂದ ನೀರು ಬಗ್ಗಿಸಿಕೊಂಡು ಕಾದ. ಸಂಗಮ್ಮ ಮುಂದೆ ಬಂದು ಮಗಳಿಗೂ ಕಲ್ಲಿಗೂ ನಡುವೆ ನಿಂತಳು.

"ಹಂಗಾದ್ರ ನೀ ಕುಂದ್ರು," ಎಂದಳು ಗುರುಲಿಂಗಮ್ಮ. "ನೀನೂ ಈ ಮನಿಯಾಕಿನೇ."

"ನಂದು ಒಮ್ಮೆ ಹೋಗೇತ್ರಿ. ಅಣ್ಣನ ಜ್ವರಕ್ಕ. ಈಕಿಗಿಂತ ಸಣ್ಣಾಕಿ ಇದ್ದೆ. ಅವತ್ತೂ ನನ್ನ ಯಾರೂ ಕೇಳಲಿಲ್ಲ. ವರ್ಷಗಟ್ಲೆ ತಲಿ ಮುಚ್ಚಿಕೊಂಡು ತಿರುಗ್ಯಾಡೀನಿ." ಸಂಗಮ್ಮನ ದನಿ ಏರಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡಳು. "ಎರಡನೇ ಸಲ ಕೊಡಂಗಿಲ್ಲ. ನನ್ನ ಮಗಳಿಂದು ಮೊದಲನೇ ಸಲಾನೂ ಕೊಡಂಗಿಲ್ಲ."

ಅಮರಗುಂಡಪ್ಪ ಹೆಂಡತಿಯನ್ನು ದಿಟ್ಟಿಸಿದ, ಈ ಹೆಂಗಸನ್ನು ಹಿಂದೆಂದೂ ನೋಡಿರದವನ ಹಾಗೆ. ಆಮೇಲೆ ತಾಯಿಯ ಕಣ್ಣು ತನ್ನ ಕಡೆ ತಿರುಗಿದ್ದು ಕಂಡು, ಗುಡ್ಡದ ಮೆಟ್ಟಿಲು ನೋಡುತ್ತ ನಿಂತ.

"ಯಾರರ ಒಬ್ಬರು ಕುಂದರ್ರಿ ತಾಯಿ. ಹಿಂದ ಮಂದಿ ನಿಂತಾರ," ಎಂದ ಕ್ಷೌರದವನು.

ಗುರುಲಿಂಗಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮೊಮ್ಮಗಳ ಉದ್ದ ಜಡೆಯನ್ನು ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿ, ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಸಂಗಮ್ಮನ ಅಂಗೈಯಲ್ಲಿ ಹಾಕಿದಳು. ಕಲ್ಲಿನ ಮೇಲೆ ಕೂತಳು.

"ಹೊತ್ತಾಕಿ ನಾನು. ಹಾಕಪ್ಪ ನೀರು."

"ಅವ್ವಾ, ನೀ ಬ್ಯಾಡ..." ಎಂದು ಅಮರಗುಂಡಪ್ಪ ಮುಂದೆ ಬಂದ.

"ಈಗ ಬಾಯಿ ಬಂತೇನು ನಿನಗ? ಸರಿ ಆಕಡೆ."

ಕತ್ತಿ ಎರಡು ಸಲ ಎಳೆದ ಕ್ಷೌರದವನು ಕೈ ನಿಲ್ಲಿಸಿದ. "ತಾಯಿ, ಹೇನು ಭಾಳ ಅದಾವಲ್ರಿ."

"ನಿನ್ನ ಕೆಲಸ ನೀ ಮಾಡು."

ವೀರಿ ಕಿಸಕ್ಕನೆ ನಕ್ಕಳು. ಸಂಗಮ್ಮ ಅವಳ ತೋಳು ಚಿವುಟಿದಳು. ನರೆಗೂದಲು ಗೊಂಚಲುಗೊಂಚಲಾಗಿ ಕಲ್ಲಿನ ಸುತ್ತ ಬೀಳುತ್ತಿತ್ತು. ತಲೆ ಬಗ್ಗಿಸಿ ಕೂತ ಅತ್ತೆಯ ಹಿಂಗತ್ತು ಇಷ್ಟು ತೆಳ್ಳಗಿದೆ ಎಂದು ಸಂಗಮ್ಮನಿಗೆ ಇದುವರೆಗೆ ಗೊತ್ತಿರಲಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಗುರುಲಿಂಗಮ್ಮ ಸೆರಗನ್ನು ಹೆಗಲ ಮೇಲೇ ಬಿಟ್ಟು, ಬೋಳುತಲೆಯನ್ನು ಗಾಳಿಗೆ ಒಡ್ಡಿ ಕಿಟಕಿಯ ಪಕ್ಕ ಕೂತಳು. ಮುಂದಿನ ಸೀಟಿನ ಹೆಂಗಸೊಬ್ಬಳು ಹಿಂದಕ್ಕೆ ತಿರುಗಿ ಮರುಗಿದಳು. "ಯಾರು ಹೋದ್ರವ್ವ?"

"ಯಾರೂ ಹೋಗಿಲ್ಲ. ಹೇನು ಹೋಗ್ಯಾವ."

ಹೆಂಗಸು ತೆಪ್ಪಗೆ ಮುಂದೆ ತಿರುಗಿದಳು. ಕಾಲುವೆಯ ನೀರು ಹರಿಯುವ ಭತ್ತದ ಗದ್ದೆಗಳು ಶುರುವಾದ ಮೇಲೆ ಗುರುಲಿಂಗಮ್ಮ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

"ಸಂಗಮ್ಮ, ನನ್ನ ರಟ್ಟಿ ಬಿದ್ದುಹೋಗ್ಯಾವ. ರೊಟ್ಟಿ ಇನ್ನ ನೀನೇ ಬಡಿ."

"ಬಡೀತೀನ್ರಿ."

"ಆದ್ರ ತತ್ತಿ ನಮ್ಮ ಮನಿ ಹೊಸ್ತಿಲಾ ದಾಟಬಾರದು."

ಹೂಂ ಎಂದರೆ ಎಲ್ಲ ಮುಗಿಯುತ್ತಿತ್ತು. ಸಂಗಮ್ಮ ಅತ್ತೆಯ ಮುಖ ನೋಡಿ ಹೇಳಿದಳು. "ದಾಟತೈತ್ರಿ ಅತ್ತಿ. ಈಕಿ ತಲಿಗೆ ಬೇಕಾದಾಗೆಲ್ಲ ನಾ ತರತೀನಿ. ನಿಮ್ಮ ಮುಂದೇ ತರತೀನಿ."

ಗುರುಲಿಂಗಮ್ಮ ಅವಳ ಕಡೆ ತಿರುಗಿದಳು. "ಹಂಗಾದ್ರ ನನ್ನ ಸ್ಟೋವ್ ಪಡಸಾಲ್ಯಾಗೇ ಇರ್ತೈತಿ."

"ಇರಲ್ರಿ. ರೊಟ್ಟಿ ನಾ ಬಡದು ತಂದು ಕೊಡ್ತೀನಿ. ನೀವು ಸುಟ್ಟುಕೋರಿ."

ಗುರುಲಿಂಗಮ್ಮ ಮತ್ತೆ ಕಿಟಕಿಯ ಕಡೆ ತಿರುಗಿದಳು. ವೀರಿ ತಾಯಿಯ ಮಗ್ಗುಲಿನಿಂದ ಎದ್ದು, ಸೀಟು ದಾಟಿ ಹೋಗಿ, ಆಯಿಯ ತೊಡೆಗೆ ಒತ್ತಿಕೊಂಡು ಕೂತಳು. ಈ ಸಲ ಸಂಗಮ್ಮ ಅವಳನ್ನು ತಡೆಯಲಿಲ್ಲ.